ಮಂಜು ಕರಗಿಸುವ ಟಾರ್ಚು

ಆ ಟಾರ್ಚು ಪರೀಕ್ಷೆಗೆ ಬಂದ ದಿನ ಪ್ರಯೋಗಾಲಯದಲ್ಲಿ ಹಾಲು ಮುಗಿದಿತ್ತು.

ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಹಿಂದಿನ ಸಾಲಿನಲ್ಲಿದ್ದ ಆ ದೀಪ ಪರೀಕ್ಷಾ ಕೇಂದ್ರದಲ್ಲಿ ಹಾಲು ಬೇಕಾಗುತ್ತಿದ್ದುದು ಚಹಕ್ಕಿಂತ ಹೆಚ್ಚಾಗಿ ಕೆಲಸಕ್ಕೆ. ಮಂಜಿನಲ್ಲಿ ಬಳಸುವ ದೀಪಗಳನ್ನು ಅಳೆಯಲು ಕೃತಕ ಮಂಜಿನ ಕೋಣೆ ಬೇಕು. ಅದು ಅವರಲ್ಲಿರಲಿಲ್ಲ. ಬದಲಿಗೆ ಗಾಜಿನ ತೊಟ್ಟಿಯಲ್ಲಿ ನೀರು ತುಂಬಿ, ಆಚೆ ಬದಿಗೆ ಒಂದು ಸ್ಟೀಲ್ ಚಮಚ ಇಳಿಬಿಟ್ಟು, ಈಚೆಯಿಂದ ದೀಪ ಹಾಕಿ, ನೀರಿಗೆ ಒಂದೊಂದೇ ಸೌಟು ಹಾಲು ಬೆರೆಸುತ್ತ ಹೋಗುತ್ತಿದ್ದರು. ಹಾಲಿನ ಕೊಬ್ಬಿನ ಕಣಗಳೂ ಮಂಜಿನ ಹನಿಗಳೂ ಬೆಳಕನ್ನು ಚದುರಿಸುವ ರೀತಿ ಹೆಚ್ಚುಕಡಿಮೆ ಒಂದೇ. ಎಷ್ಟನೆಯ ಸೌಟಿಗೆ ಚಮಚ ಕಣ್ಮರೆಯಾಯಿತೋ ಅದೇ ಆ ದೀಪದ ಯೋಗ್ಯತೆ. ಒಳ್ಳೆಯ ಟಾರ್ಚಾದರೆ ನಾಲ್ಕು ಸೌಟು. ಹದಿನೆಂಟು ವರ್ಷಗಳ ಕೆಲಸದಲ್ಲಿ ಪರೀಕ್ಷಕಿ ನೀಲಾಂಬಿಕಾ ಕಂಡಿದ್ದ ಅತಿ ಹೆಚ್ಚೆಂದರೆ ಆರು.

ಹಾಲು ತರಲು ಹೋದ ಮೌಲಾಸಾಬ, ನಿವೃತ್ತಿಗೆ ಎರಡು ವರ್ಷವಷ್ಟೇ ಉಳಿದಿದ್ದ ಜವಾನ, ಅರ್ಧ ಗಂಟೆ ಬಿಟ್ಟು ಕ್ಯಾನು ಹಿಡಿದು ಬಂದು ತಪ್ಪೊಪ್ಪಿಕೊಳ್ಳುವವನಂತೆ ನಿಂತ. "ಪಾಕೀಟು ಎಲ್ಲೂ ಇಲ್ಲ ಬಾಯಾರ. ಎಮ್ಮೀ ಹಾಲ ಅಷ್ಟ ಸಿಕ್ತು. ಗಟ್ಟಿ ಐತಿ."

ಎಮ್ಮೆಯ ಹಾಲು ನಿಯಮಕ್ಕೆ ಹೊರಗಿನದು. ಆದರೆ ಕಂಪನಿಯವರು ಅವಸರದಲ್ಲಿದ್ದರು. ದೀಪಾವಳಿಗೆ ಟಾರ್ಚು ಅಂಗಡಿಗಳಿಗೆ ಬರಬೇಕಿತ್ತು. ಗಟ್ಟಿ ಹಾಲಿನಲ್ಲಿ ಪಾಸಾದದ್ದು ತಿಳಿ ಹಾಲಿನಲ್ಲಿ ಪಾಸಾಗಿಯೇ ಆಗುತ್ತದೆ ಎಂದುಕೊಂಡು ನೀಲಾಂಬಿಕಾ ಸೌಟು ಕೈಗೆತ್ತಿಕೊಂಡಳು.

ಉಳಿದ ಪರೀಕ್ಷೆಗಳು ಬೆಳಿಗ್ಗೆಯೇ ಮುಗಿದಿದ್ದವು. ಒಳಗೆಲ್ಲ ಬಿಳಿ ಬಳಿದ ದೊಡ್ಡ ಗೋಳದಲ್ಲಿ ಇಟ್ಟಾಗ ನಾಲ್ಕು ಸಾವಿರದ ನೂರು ಲ್ಯೂಮೆನ್ ಬೆಳಕು. ಒಂದು ಮೀಟರ್ ಎತ್ತರದಿಂದ ಸಿಮೆಂಟಿನ ನೆಲಕ್ಕೆ ಆರು ಬಾರಿ ಬಿದ್ದರೂ ಗೀರಿಗಿಂತ ಹೆಚ್ಚಿನದೇನೂ ಇಲ್ಲ. ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೂ ಒಳಗೆ ತೇವ ಇಲ್ಲ. ನೋಡಲು ಮೊಣಕೈಯಷ್ಟು ಉದ್ದದ ಕಪ್ಪು ಟಾರ್ಚು, ಅಷ್ಟೇ. ವಿಶೇಷವಿದ್ದದ್ದು ಮುಂದಿನ ಗಾಜಿನ ಹಿಂದೆ. ಅಲ್ಲಿ ಒಂದು ದೊಡ್ಡ ಎಲ್‌ಇಡಿಯ ಬದಲು ಒಂಬತ್ತು ಸಾವಿರ ಸಣ್ಣ ಎಲ್‌ಇಡಿಗಳಿದ್ದವು. ಪ್ರತಿಯೊಂದೂ ಬೆಳಕು ಚೆಲ್ಲಿ, ಅದು ಹೇಗೆ ಚದುರಿ ವಾಪಸು ಬಂತೆಂದು ಗ್ರಹಿಸಿ, ಕಣ್ಣು ಮಿಟುಕಿಸುವುದರ ಸಾವಿರದ ಒಂದು ಪಾಲಿನಲ್ಲಿ ತನ್ನ ಹೊತ್ತನ್ನು ತಿದ್ದಿಕೊಳ್ಳುತ್ತಿತ್ತು. ಹಾಗೆ ಒಂಬತ್ತು ಸಾವಿರವೂ ತಿದ್ದಿಕೊಂಡಾಗ ಚದುರಬೇಕಾದ ಬೆಳಕು ಚದುರದೆ ಆಚೆ ತಲುಪಿ ಹಿಂತಿರುಗುತ್ತಿತ್ತು. ಮಂಜು ಇದ್ದಲ್ಲೇ ಇರುತ್ತದೆ, ಬೆಳಕು ಅದರ ದಾರಿ ಕಲಿತುಕೊಳ್ಳುತ್ತದೆ ಎಂದು ಕಂಪನಿಯ ಕೈಪಿಡಿಯಲ್ಲಿತ್ತು. ಎಷ್ಟು ಆಳದ ಮಂಜು ಎಂಬುದನ್ನು ಗೊತ್ತುಮಾಡಲು ಕುತ್ತಿಗೆಯ ಬಳಿ ತಿರುಗಿಸುವ ಉಂಗುರವಿತ್ತು. ಘಟ್ಟದ ರಸ್ತೆಯ ಲಾರಿಯವರಿಗೆ, ಕೆಸರು ನೀರಿನಲ್ಲಿ ಮುಳುಗಿದವರನ್ನು ಹುಡುಕುವವರಿಗೆ ಎಂದು ಮಾಡಿದ ಟಾರ್ಚು ಅದು.

ಆರು ಸೌಟಾಯಿತು. ಹತ್ತಾಯಿತು. ಚಮಚ ಕಾಣುತ್ತಲೇ ಇತ್ತು. ಕೊನೆಗೆ ಕ್ಯಾನನ್ನೇ ತೊಟ್ಟಿಗೆ ಬಗ್ಗಿಸಿದಳು. ಪಕ್ಕದಿಂದ ನೋಡಿದರೆ ತೊಟ್ಟಿ ಸುಣ್ಣದ ಗೋಡೆಯಂತಿತ್ತು. ಟಾರ್ಚಿನ ಹಿಂದೆ ಕಣ್ಣಿಟ್ಟರೆ ಹಾಲೇ ಇರಲಿಲ್ಲ. ಖಾಲಿ ಗಾಜು, ಅದರಾಚೆ ಚಮಚ, ಚಮಚದ ಹಿಡಿಯ ಮೇಲಿನ ಕಂಪನಿಯ ಅಕ್ಷರಗಳೂ ಸ್ಪಷ್ಟ. ತನ್ನ ಕಣ್ಣಿಗೇ ಏನೋ ಆಗಿದೆ ಎಂದುಕೊಂಡು, ಚಮಚವನ್ನು ಅಲುಗಾಡಿಸಿ ನೋಡಲು ಅವಳು ಬಲಗೈಯನ್ನು ಹಾಲಿಗೆ ಇಳಿಸಿದಳು. ಎಡಗೈಯ ಹಿಡಿತಕ್ಕೆ ಉಂಗುರ ತುಸು ತಿರುಗಿತು.

ಮೊದಲು ಕಂಡದ್ದು ಬಳೆಗಳು. ಎರಡು ಹಸಿರು ಗಾಜಿನ ಬಳೆಗಳು ಏನೂ ಇಲ್ಲದಲ್ಲಿ ತೇಲುತ್ತಿದ್ದವು. ಆಮೇಲೆ, ಅವುಗಳ ನಡುವೆ, ಕೆಂಪು ಎಳೆಗಳ ಒಂದು ಬಲೆ. ಅದರ ಹಿಂದೆ ಮಸುಕಾಗಿ ಎರಡು ಮೂಳೆಗಳು. ಅವುಗಳ ತುದಿಯಲ್ಲಿ ಚಮಚದ ಕಡೆಗೆ ಚಾಚಿದ, ಅವಳದೇ ಆದ, ಅವಳು ನಲವತ್ತಾರು ವರ್ಷ ಕಾಣದೇ ಇದ್ದ ಕೈ.

ಅವಳು ಕೈ ಹಿಂತೆಗೆಯಲಿಲ್ಲ. ಕಿರುಬೆರಳನ್ನು ಮಡಚಿದಳು. ಸಣ್ಣ ಮೂಳೆಗಳು ಒಂದರ ಹಿಂದೊಂದು ಸರಿದು ಜಾಗ ಮಾಡಿಕೊಟ್ಟವು. ಕೆಂಪು ಎಳೆಗಳು ಒಂದೇ ಲಯದಲ್ಲಿ ಹಿಗ್ಗಿ ಕುಗ್ಗುತ್ತಿದ್ದವು. ಇಷ್ಟು ವರ್ಷ ರೊಟ್ಟಿ ಬಡಿದ, ಬಟ್ಟೆ ಒಗೆದ, ವರದಿ ಬರೆದ ಈ ಕೈಯೊಳಗೆ ಯಾರೂ ಹೇಳದೆ, ಯಾರೂ ನೋಡದೆ ಇಷ್ಟೊಂದು ಕೆಲಸ ನಡೆಯುತ್ತಿತ್ತಲ್ಲ ಎನ್ನಿಸಿತು ಅವಳಿಗೆ. ತಣ್ಣನೆಯ ಹಾಲಿನಲ್ಲಿ ಕೈ ಮರಗಟ್ಟುವವರೆಗೂ ಹಾಗೇ ನಿಂತಿದ್ದಳು. ಮಾಂಸವೂ ಒಂದು ಬಗೆಯ ಮಂಜೇ ಎಂಬುದು ಟಾರ್ಚು ಮಾಡಿದವರಿಗೂ ಹೊಳೆದಿರಲಿಲ್ಲ.

ಕೇಂದ್ರದ ಮುಖ್ಯಸ್ಥ ವಾದಿರಾಜ ದೇಶಪಾಂಡೆಯವರನ್ನು ಕರೆದು ತೋರಿಸಿದಳು. ಅವರು ತಮ್ಮ ಕೈ ಹಿಡಿದು ನೋಡಿದರು. ಶಾಲೆಯ ದಿನಗಳಲ್ಲಿ ಕ್ರಿಕೆಟ್ ಆಡಿ ಮುರಿದುಕೊಂಡ ನಡುಬೆರಳಿನಲ್ಲಿ ಮೂಳೆ ಕೂಡಿದ ಗಂಟು ಇನ್ನೂ ಇತ್ತು. ಅದನ್ನು ನೋಡಿ ಹುಡುಗನಂತೆ ನಕ್ಕರು. ಆಮೇಲೆ ಅರ್ಜಿಯ ಕಾಗದ ತೆಗೆದು ಓದಿದರು. ಕಂಪನಿ ಕೇಳಿದ್ದು ಒಂಬತ್ತು ಅಳತೆ. ಅದರಲ್ಲಿ ಮೈಯ ಮಾತಿರಲಿಲ್ಲ.

"ಒಂಬತ್ತು ಕೇಳ್ಯಾರ, ಒಂಬತ್ತ ಕೊಡೋಣ," ಎಂದರು. "ಹತ್ತನೇದು ಬರೀಲಿಕ್ಕೆ ನಮಗ ಅಧಿಕಾರ ಇಲ್ಲ ನೀಲಾ ಅವರ."

ಆ ಕೇಂದ್ರದಲ್ಲಿ ಇನ್ನೊಂದು ಪದ್ಧತಿಯಿತ್ತು. ಪರೀಕ್ಷೆ ಮುಗಿದ ಟಾರ್ಚನ್ನು ಪರೀಕ್ಷಕರು ಹತ್ತು ದಿನ ಮನೆಗೊಯ್ದು ದಿನಬಳಕೆಯಲ್ಲಿ ಬ್ಯಾಟರಿ ಎಷ್ಟು ಬಾಳುತ್ತದೆಂದು ನೋಡಬೇಕು. ನೀಲಾಂಬಿಕಾ ರಿಜಿಸ್ಟರಿನಲ್ಲಿ ಸಹಿ ಹಾಕಿ ಟಾರ್ಚನ್ನು ಚೀಲಕ್ಕೆ ಸೇರಿಸಿದಳು.

ಅವಳ ತಂಗಿ ಕಸ್ತೂರಿ ಇದ್ದದ್ದು ಉಣಕಲ್ಲಿನಲ್ಲಿ, ಎರಡು ಬಸ್‌ಸ್ಟಾಪಿನಾಚೆ. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಏಳನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಜೀವ ಸದ್ದಿಲ್ಲದೆ ನಿಂತುಹೋಗಿತ್ತು. ಈಗ ಮೂರನೆಯದಕ್ಕೆ ಆರು ತುಂಬಿ ಏಳಕ್ಕೆ ಬಿದ್ದಿತ್ತು. ಕಸ್ತೂರಿ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಾಗಿಲಾಚೆ ಯಾರಾದರೂ ಬಂದಾರೆಯೇ ಎಂದು ಆಲಿಸುವವಳಂತೆ ಕೂತಿರುತ್ತಿದ್ದಳು. "ತಿಂಗಳದಾಗ ಒಂದು ದಿನ ಡಾಕ್ಟರು ಎಲ್ಲಾ ಸರಿ ಐತಿ ಅಂತಾರ," ಎಂದಿದ್ದಳು ಒಮ್ಮೆ. "ಉಳದ ಇಪ್ಪತ್ತೊಂಬತ್ತು ದಿನ ನಾ ಒಬ್ಬಾಕೀನ ಅಕ್ಕಾ."

ಬೇಸರ ಕಳೆಯಲೆಂದು ನೀಲಾಂಬಿಕಾ ಹಾಲಿನ ತೊಟ್ಟಿಯ ಕಥೆ ಹೇಳಿದಳು. ಹೇಳಬಾರದಿತ್ತು. ಕಸ್ತೂರಿ ಪೂರ್ತಿ ಕೇಳಿಸಿಕೊಂಡು, ತನಗೆ ತೋರಿಸು ಎಂದಳು. ನೀಲಾಂಬಿಕಾ ಸಾಧ್ಯವಿಲ್ಲ ಎಂದಳು. ಅದು ವೈದ್ಯರ ಯಂತ್ರವಲ್ಲ, ಕಾಯಿದೆಗೂ ವಿರುದ್ಧ. ಗರ್ಭದೊಳಗೆ ನೋಡಬಲ್ಲ ಯಾವ ಯಂತ್ರವೂ ನೋಂದಣಿಯಿಲ್ಲದ ಕೈಗೆ ಸಿಗಬಾರದು, ಒಳಗಿನ ಮಗು ಗಂಡೋ ಹೆಣ್ಣೋ ಎಂದು ನೋಡುವುದು ಅಪರಾಧವೆಂದು ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲೇ ಬರೆದಿರುತ್ತದೆ. ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. ಬೆಳಗಿನಿಂದ ಮಗು ಅಲುಗಾಡಿಲ್ಲ. ಕಸ್ತೂರಿಯ ದನಿಯಲ್ಲಿ ಅಳುವಿರಲಿಲ್ಲ, ಅದೇ ನೀಲಾಂಬಿಕಾಳನ್ನು ಹೆದರಿಸಿತು.

ಆಸ್ಪತ್ರೆಗೆಂದು ಆಟೊ ಮಾಡಿಕೊಂಡೇ ಹೋದಳು. ಕಸ್ತೂರಿ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಮೂರು ದಿಂಬು ಒರಗಿಸಿಕೊಂಡು ಕಾದು ಕೂತಿದ್ದಳು. ಆಟೊ ಹತ್ತಿ, ಸಾಲಿನಲ್ಲಿ ಕಾದು, ಡಾಕ್ಟರ ಮುಖ ಬದಲಾಗುವುದನ್ನು ಮೂರನೆಯ ಸಲ ನೋಡುವ ಶಕ್ತಿ ತನಗಿಲ್ಲ ಎಂದಳು. ಏನಿದ್ದರೂ ಇಲ್ಲೇ, ಅಕ್ಕನ ಜೊತೆಗೇ ತಿಳಿಯಲಿ.

ನೀಲಾಂಬಿಕಾ ಚೀಲದಲ್ಲಿದ್ದ ಟಾರ್ಚನ್ನು ತೆಗೆದು ಅತಿ ಕಡಿಮೆ ಬೆಳಕಿಗಿಟ್ಟು, ತನ್ನ ಮುಂಗೈಗೆ ಐದು ನಿಮಿಷ ಒತ್ತಿ ಹಿಡಿದು ಬಿಸಿಯಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ತಂಗಿಯ ಕೆನ್ನೆಗೆ ಕೆನ್ನೆ ತಾಗಿಸಿ ಕೂತು, ಇಬ್ಬರ ಕಣ್ಣುಗಳ ನಡುವಿನಿಂದ ಹೊಟ್ಟೆಯ ಕಡೆಗೆ ಟಾರ್ಚು ಹಿಡಿದು ಉಂಗುರವನ್ನು ತಿರುಗಿಸಿದಳು.

ಚರ್ಮ ಹೋಯಿತು. ಅದರ ಕೆಳಗಿನ ಹಳದಿ ಪದರ ಹೋಯಿತು. ನದಿಯ ನಕ್ಷೆಯಂಥ ನರಗಳು ಹರಡಿದ ಒಂದು ಕೆಂಪು ಗೋಡೆ ಬಂತು. ಕನ್ನಡಿಯ ಮೇಲಿನ ಹಬೆ ಆರುವಂತೆ ಅದೂ ನಿಧಾನವಾಗಿ ತಿಳಿಯಾಯಿತು. ಒಳಗೆ ಬೆಳಗಿದ ನೀರು. ನೀರಿನಲ್ಲಿ, ಮೊಣಕಾಲುಗಳನ್ನು ಎದೆಗೆ ಸೇರಿಸಿಕೊಂಡು, ತಲೆ ಬಗ್ಗಿಸಿ, ಒಂದು ಮಗು.

ಇಬ್ಬರೂ ಉಸಿರು ಹಿಡಿದರು.

ಸ್ಕ್ಯಾನಿನ ಬೂದು ಚುಕ್ಕೆಗಳಲ್ಲಿ ಡಾಕ್ಟರು ಬೆರಳಿಟ್ಟು ಇದು ತಲೆ, ಇದು ಕಾಲು ಎಂದು ಹೇಳಿಕೊಡಬೇಕಿತ್ತು. ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಿವಿ ಪೂರ್ತಿಯಾಗಿತ್ತು, ಇಷ್ಟೇ ಇಷ್ಟು. ಮುಚ್ಚಿದ ರೆಪ್ಪೆಗಳ ಅಂಚಿನಲ್ಲಿ ಕೂದಲು ಬಂದಿದ್ದವು. ಪಕ್ಕೆಲುಬಿನ ಹಿಂದೆ, ಕಡಲೆಕಾಯಿಯಷ್ಟು ದೊಡ್ಡದೋ ಏನೋ, ಹೃದಯ ತನ್ನ ಪಾಡಿಗೆ ತಾನು ಓಡುತ್ತಿತ್ತು. ಮಗು ನಿದ್ದೆ ಮಾಡುತ್ತಿತ್ತು. ಅದಕ್ಕೇ ಅಲುಗಾಡಿರಲಿಲ್ಲ. ಇಬ್ಬರು ಹೆಂಗಸರು ತಮ್ಮ ಜೀವವನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ ಅದು ಯಾರ ಗೊಡವೆಯೂ ಇಲ್ಲದೆ ಮಲಗಿತ್ತು.

"ಬಡೀತದ ನೋಡ," ಎಂದಳು ಕಸ್ತೂರಿ, ಹೃದಯದಿಂದ ಕಣ್ಣು ಕೀಳದೆ. "ಅಕ್ಕಾ, ಹೆಂಗ ಬಡೀತದ ನೋಡ."

ಆಗ ಮಗು ಹೊರಳಿತು. ಮಡಚಿದ್ದ ಕಾಲುಗಳು ಬಿಡಿಸಿಕೊಂಡವು. ನೀಲಾಂಬಿಕಾಗೆ ನೋಡುವ ಇಚ್ಛೆ ಇರಲಿಲ್ಲ, ಆದರೆ ಕಣ್ಣು ನೋಡಿಬಿಟ್ಟಿತ್ತು. ಹೆಣ್ಣು. ಉಂಗುರ ತಿರುಗಿಸಿದಳು. ಕೆಂಪು ಗೋಡೆ ಮತ್ತೆ ಬಂತು, ಚರ್ಮ ಬಂತು. ಕಸ್ತೂರಿ ಕಂಡಳೋ ಇಲ್ಲವೋ ತಿಳಿಯಲಿಲ್ಲ. ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಆಟೊ ಮಾತ್ರ ಹೊರಗೆ ಹಾರ್ನು ಹಾಕುತ್ತಿತ್ತು. ಅಷ್ಟಾದ ಮೇಲೂ ನೀಲಾಂಬಿಕಾ ತಂಗಿಯನ್ನು ಅದರಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದಳು. ಅಲ್ಲಿಯೂ ಎಲ್ಲ ಸರಿ ಎಂದರು.

ಆಮೇಲೆ ನಾಲ್ಕು ದಿನ, ಪ್ರತಿ ಮಧ್ಯಾಹ್ನ, ಕಸ್ತೂರಿಗೆ ಎದೆಬಡಿತವನ್ನಷ್ಟೇ ನೋಡಬೇಕು. ಒಂದು ನಿಮಿಷ. ನೀಲಾಂಬಿಕಾ ಉಂಗುರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ತೋರಿಸುತ್ತಿದ್ದಳು. ಆ ಒಂದು ನಿಮಿಷದ ಮೇಲೆ ತಂಗಿ ಊಟ ಮಾಡುತ್ತಿದ್ದಳು, ತಲೆ ಬಾಚಿಕೊಳ್ಳುತ್ತಿದ್ದಳು, ಒಮ್ಮೆ ಹಾಡನ್ನೂ ಗುನುಗಿದಳು. ಎಷ್ಟೋ ವರ್ಷಗಳಿಂದ ಕೇಳದಿದ್ದ ದನಿ ಅದು.

ಐದನೆಯ ದಿನ ಹೊರಗೆ ಕಟ್ಟೆಯ ಮೇಲೆ ಕಸ್ತೂರಿಯ ಅತ್ತೆ ಬಸಲಿಂಗವ್ವ ಚವಳಿಕಾಯಿ ಮುರಿಯುತ್ತ ಕೂತಿದ್ದರು. ಒಳ್ಳೆಯ ಹೆಂಗಸು. ಎರಡು ಸಲವೂ ಸೊಸೆಗೆ ಬಿಸಿನೀರು ಕಾಸಿ ಎರೆದು, ತಿಂಗಳುಗಟ್ಟಲೆ ಪಕ್ಕದಲ್ಲೇ ಮಲಗಿ, ಒಂದು ಒರಟು ಮಾತಾಡದೆ ನೋಡಿಕೊಂಡಿದ್ದವರು. ಟಾರ್ಚಿನ ವಿಷಯ ಸೊಸೆಯೇ ಅವರಿಗೆ ಹೇಳಿದ್ದಳು. ನೀಲಾಂಬಿಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

"ಏನ ಕಂಡೀ ನೀಲವ್ವ?"

"ಎದಿ ಬಡ್ಕೊಳ್ಳೂದು ಕಂಡ್ತು ಅತ್ತಿ. ಆರಾಮ ಐತಿ."

"ಅದಲ್ಲವ್ವಾ." ಬಸಲಿಂಗವ್ವ ಒಂದು ಕಾಯಿ ಮುರಿದು ಬುಟ್ಟಿಗೆ ಹಾಕಿದರು. "ನಾ ಏನ ಕೆಟ್ಟದ್ದು ಬಯಸ್ತೀನಂತ ತಿಳೀಬ್ಯಾಡ. ಯಾವುದಿದ್ರೂ ನಮ್ಮದ. ಗೊತ್ತಾದ್ರ ಮನಸಿಗೊಂದು ತಯಾರಿ, ಅಷ್ಟ."

ಬೇರೇನೂ ಕಾಣಲಿಲ್ಲ ಎಂದು ಸುಳ್ಳು ಹೇಳಿ ನೀಲಾಂಬಿಕಾ ಎದ್ದು ಬಂದಳು. ಬಸ್ಸಿನಲ್ಲಿ ಕೂತ ಮೇಲೂ ಆ ಒಂದು ಮಾತು ಅವಳನ್ನು ಬಿಡಲಿಲ್ಲ. ತಯಾರಿ. ಆ ಮಾತಿನಲ್ಲಿ ವಿಷವಿರಲಿಲ್ಲ, ಪ್ರೀತಿಯೇ ಇತ್ತು. ಅದಕ್ಕೇ ಅವಳಿಗೆ ತನ್ನ ಗಂಡನ ಮುಖ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ನರ್ಸು ಹೊರಬಂದು ಹೆಣ್ಣು ಎಂದಾಗ, ತೆರೆದ ಬಾಗಿಲಿನಿಂದ ಅವಳಿಗೆ ಆ ಮುಖ ಕಾಣುತ್ತಿತ್ತು. ಅವರು ನಕ್ಕರು, ಪೇಢೆ ಹಂಚಿದರು, ಆಮೇಲೆ ಮಗಳನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಆದರೆ ನಗುವಿಗೆ ಮೊದಲು ಒಂದು ಅರೆಗಳಿಗೆ ಇತ್ತು. ಆ ಅರೆಗಳಿಗೆಯಲ್ಲಿ ಅವರ ಮುಖ ಎಲ್ಲಿಗೋ ಹೋಗಿ ವಾಪಸು ಬಂದಿತ್ತು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ. ಅವರು ಒಳ್ಳೆಯವರಾದ್ದರಿಂದ ವಾಪಸು ಬಂದರು. ಮಗಳು ಆಗಲೇ ಹುಟ್ಟಿ ಅಳುತ್ತಿದ್ದುದರಿಂದಲೂ ಬಂದರು. ಅದೇ ಅರೆಗಳಿಗೆ ನಾಲ್ಕು ತಿಂಗಳು ಮೊದಲೇ ಬಂದಿದ್ದರೆ, ಅದು ಒಂದು ದಿನವಾಗಿ, ಒಂದು ವಾರವಾಗಿ, ಮನೆಯವರೆಲ್ಲ ಕೂತು ಆಡುವ ಮಾತಾಗಿ ಬೆಳೆಯಲು ಜಾಗವಿದ್ದಿದ್ದರೆ?

ದೀಪಾವಳಿಗೆ ಎರಡು ಲಕ್ಷ ಟಾರ್ಚುಗಳು. ಎರಡು ಲಕ್ಷ ಮನೆಗಳ ಗೋಡೆಯ ಮಾಡದಲ್ಲಿ, ಬೆಂಕಿಪೊಟ್ಟಣದ ಪಕ್ಕ.

ವರದಿ ಕೊಡುವ ಹಿಂದಿನ ದಿನ ಅವಳು ತಂಗಿಗೆ ಹೇಳಿದಳು. ಇದನ್ನು ಬರೆದು ತಿಳಿಸುತ್ತೇನೆ, ಬರೆದ ಮೇಲೆ ಟಾರ್ಚು ಮನೆಗೆ ಬರುವುದಿಲ್ಲ. ಕಸ್ತೂರಿಯ ಮುಖ ಬಿಳಿಚಿಕೊಂಡಿತು.

"ನಿನ್ನ ಮಗಳು ನಿನ್ನ ಕಣ್ಣಮುಂದ ತಿರಗ್ಯಾಡ್ತಾಳ," ಎಂದಳು. "ನನಗ ದಿನಾ ಒಂದು ನಿಮಿಷ. ಅದನ್ನೂ ಕಸಗೊಳ್ತೀ? ಏಳು ತುಂಬೂತನಾನರ ತಡಿ ಅಕ್ಕಾ."

ತಡೆದರೆ ಟಾರ್ಚು ಅಂಗಡಿಗೆ ಹೋಗುತ್ತಿತ್ತು. ಅವಳು ಎದ್ದು ಬರುವಾಗ ತಂಗಿ ಗೋಡೆಗೆ ಮುಖ ತಿರುಗಿಸಿ ಮಲಗಿದ್ದಳು.

ಒಂಬತ್ತು ಅಳತೆಗಳನ್ನು ಬರೆದ ಮೇಲೆ ನೀಲಾಂಬಿಕಾ ಕೆಳಗೆ ಇನ್ನೊಂದು ಸಾಲು ಬರೆದಳು. ಈ ಟಾರ್ಚಿನಿಂದ ಗರ್ಭದೊಳಗಿನ ಮಗು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ, ನಾನು ಕಂಡಿದ್ದೇನೆ. ದೇಶಪಾಂಡೆಯವರು ಓದಿ ಕನ್ನಡಕ ತೆಗೆದರು. ಕಂಡಿದ್ದೇನೆ ಎಂದು ಬರೆಯುವುದೆಂದರೆ ತಪ್ಪು ಮಾಡಿದ್ದೇನೆ ಎಂದು ಬರೆದಂತೆ, ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚಿನದೂ ಆಗಬಹುದು ಎಂದು ವಿವರಿಸಿದರು. ಅವಳಿಗೆ ಗೊತ್ತಿತ್ತು. ಅವರು ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಎರಡು ವಾರದೊಳಗೆ ಮೈಸೂರಿನಿಂದ ಕಂಪನಿಯ ಎಂಜಿನಿಯರ್ ಫಣೀಂದ್ರ ಬಂದ. ಒಂಬತ್ತು ಸಾವಿರ ಎಲ್‌ಇಡಿಗಳಿಗೆ ದಾರಿ ಕಲಿಸಿದವನು ಅವನೇ. ಆರೋಗ್ಯ ಇಲಾಖೆಯಿಂದ ಡಾಕ್ಟರ್ ಮುಮ್ತಾಜ್ ನದಾಫ ಬಂದರು. ಫಣೀಂದ್ರ ವಿನಯದಿಂದಲೇ ವಾದಿಸಿದ. ಕೈ ತೆಳ್ಳಗಿರುತ್ತದೆ, ಮೂಳೆ ಕಾಣಬಹುದು. ಹೊಟ್ಟೆಯ ಪದರಗಳನ್ನು ದಾಟುವ ಶಕ್ತಿ ತನ್ನ ಟಾರ್ಚಿಗಿಲ್ಲ, ಲೆಕ್ಕ ಹಾಕಿ ತೋರಿಸಬಲ್ಲೆ.

"ಮೇಡಂ ಏನೋ ಕಂಡೆ ಅಂದ್ಕೊಂಡಿದಾರೆ," ಎಂದ. "ಇದೊಂದು ಸಾಲಿಂದ ಐದು ವರ್ಷದ ಕೆಲಸ ಮಣ್ಣಾಗುತ್ತೆ. ಪುರಾವೆ ಏನಿದೆ?"

ಪುರಾವೆ ಇರಲಿಲ್ಲ. ತಂಗಿಯ ಹೆಸರನ್ನು ಅವಳು ಎಲ್ಲಿಯೂ ಬರೆದಿರಲಿಲ್ಲ. ಡಾಕ್ಟರ್ ಅವಳ ಕಡೆ ನೋಡಿದರು. ಅವಳು ಮೇಜನ್ನು ನೋಡುತ್ತಿದ್ದಳು.

ಬಾಗಿಲಲ್ಲಿ ಮೌಲಾಸಾಬ ಕೆಮ್ಮಿದ. ಅವನ ಹಿಂದೆ ಕಸ್ತೂರಿ ನಿಂತಿದ್ದಳು. ಪಕ್ಕದಲ್ಲಿ ಅವಳ ತೋಳು ಹಿಡಿದು ಬಸಲಿಂಗವ್ವ. ಹತ್ತು ದಿನದಿಂದ ಮಾತು ಬಿಟ್ಟಿದ್ದ ತಂಗಿಗೆ ಈ ಸಭೆಯ ಸುದ್ದಿ ಕೊಟ್ಟವರು ದೇಶಪಾಂಡೆಯವರೆಂದು ಅವರ ಮುಖದಿಂದಲೇ ತಿಳಿಯುತ್ತಿತ್ತು.

"ನೋಡಿದ್ದು ನನ್ನ ಹೊಟ್ಟಿ," ಎಂದಳು ಕಸ್ತೂರಿ. "ತೋರಸು ಅಂದಾಕಿ ನಾನು. ನಮ್ಮಕ್ಕ ಸುಳ್ಳ ಬರದಾಳ ಅನ್ನಿಸ್ಕೊಳ್ಳೂದು ಬ್ಯಾಡ. ನೋಡ್ರಿ ಬೇಕಾದ್ರ."

ಡಾಕ್ಟರ್ ಮೊದಲು ಒಪ್ಪಲಿಲ್ಲ. ಆಮೇಲೆ ಕಸ್ತೂರಿಯ ರಕ್ತದೊತ್ತಡ ನೋಡಿ, ಮಗುವಿನ ಎದೆಬಡಿತ ಕೇಳಿ, ಅವಳ ಕೈಯಿಂದ ಒಪ್ಪಿಗೆ ಬರೆಸಿಕೊಂಡು, ಷರತ್ತು ಹಾಕಿದರು. ಅರ್ಧ ನಿಮಿಷ. ಮಗುವಿನ ಎದೆಯಿಂದ ಮೇಲಷ್ಟೇ ಕಾಣಬೇಕು. ಕೆಳಭಾಗಕ್ಕೆ ಅವರೇ ಕಪ್ಪು ಬಟ್ಟೆ ದಪ್ಪಗೆ ಮಡಚಿ ಹೊದಿಸಿದರು. ಗೋಡೆಗಳಿಗೆಲ್ಲ ಕಪ್ಪು ಬಳಿದ ಅಳತೆಯ ಕೋಣೆಯಲ್ಲಿ ಕಸ್ತೂರಿಯನ್ನು ಆರಾಮ ಕುರ್ಚಿಯಲ್ಲಿ ಕೂರಿಸಿದರು. ಉಂಗುರ ಡಾಕ್ಟರ ಕೈಯಲ್ಲಿ, ಸ್ವಿಚ್ಚು ಕಸ್ತೂರಿಯ ಬೆರಳಿನಡಿಯಲ್ಲಿ. ಉಳಿದವರೆಲ್ಲ ಅವಳ ಹಿಂದೆ ತಲೆಗೆ ತಲೆ ಸೇರಿಸಿ ನಿಂತರು.

ಬೆಳಕು ಒಳಗೆ ಹೋಯಿತು. ಗೋಡೆಯ ಹಿಂದಿನ ಗೋಡೆ ತಿಳಿಯಾಯಿತು.

ಫಣೀಂದ್ರನ ಕೈಯಲ್ಲಿದ್ದ ಲೆಕ್ಕದ ಕಾಗದಗಳು ನೆಲಕ್ಕೆ ಬಿದ್ದವು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ತನ್ನ ಕೈಯಾರೆ ಮಾಡಿದ ಬೆಳಕು ಇಂಥದೊಂದು ಜಾಗಕ್ಕೆ ತನ್ನನ್ನು ಕರೆತಂದೀತೆಂದು ಅವನೆಂದೂ ಎಣಿಸಿರಲಿಲ್ಲ. ಸಾವಿರಾರು ಸ್ಕ್ಯಾನು ನೋಡಿದ ಡಾಕ್ಟರ್ ನದಾಫ ಉರ್ದುವಿನಲ್ಲಿ ಏನನ್ನೋ ಬಹಳ ಮೆಲ್ಲಗೆ ಹೇಳಿಕೊಂಡರು. ಬಸಲಿಂಗವ್ವ ಎರಡೂ ಕೈ ಜೋಡಿಸಿದ್ದರು. ಅವರು ಕೇಳಬೇಕೆಂದಿದ್ದ ಪ್ರಶ್ನೆ ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ.

ಹತ್ತು ದಿನದಲ್ಲಿ ಮಗು ಬೆಳೆದಿತ್ತು. ಕೆನ್ನೆ ತುಂಬಿತ್ತು. ಈ ಸಲ, ಎಲ್ಲರೂ ನೋಡುತ್ತಿದ್ದಂತೆ, ಅದರ ರೆಪ್ಪೆಗಳು ತೆರೆದವು. ಕಪ್ಪು ಕಣ್ಣುಗಳು. ಹುಟ್ಟದೆ ಇದ್ದ ಮಗು ತನ್ನ ಕತ್ತಲೆಯೊಳಗೆ ಬಂದ ಬೆಳಕನ್ನು ನೋಡಿತು. ಹಣೆ ಗಂಟಿಕ್ಕಿತು, ಬಾಯಿ ಸೊಟ್ಟಗಾಯಿತು. ಸದ್ದಿಲ್ಲದ ಅಳು. ಆಮೇಲೆ ಒಂದು ಪುಟ್ಟ ಮುಂಗೈ ನೀರಿನಲ್ಲಿ ನಿಧಾನವಾಗಿ ಮೇಲೆ ಬಂದು ಎರಡೂ ಕಣ್ಣುಗಳ ಮೇಲೆ ಅಡ್ಡವಾಗಿ ನಿಂತಿತು.

ಡಾಕ್ಟರು ಹೇಳಿದ ಅರ್ಧ ನಿಮಿಷ ಇನ್ನೂ ಆಗಿರಲಿಲ್ಲ. ಕಸ್ತೂರಿ ಸ್ವಿಚ್ಚು ಒತ್ತಿದಳು.

ಕಪ್ಪು ಕೋಣೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಯಾರೋ ಮೂಗೊರೆಸಿಕೊಂಡ ಸದ್ದು. ಬರೆಯುತ್ತೇನೆ, ನಾನೂ ಕಂಡೆ ಎಂದೇ ಬರೆಯುತ್ತೇನೆ ಎಂದರು ಡಾಕ್ಟರ್. ಕತ್ತಲಲ್ಲಿ ತಡಕಾಡಿ ಬಂದ ಒಂದು ಕೈ ನೀಲಾಂಬಿಕಾಳ ಕೈಯನ್ನು ಹುಡುಕಿ, ಟಾರ್ಚನ್ನು ಅದರಲ್ಲಿಟ್ಟು, ಬೆರಳುಗಳನ್ನು ಮಡಚಿತು.

"ಒಯ್ಯಿ ಅಕ್ಕಾ," ಎಂದಳು ಕಸ್ತೂರಿ. "ಹೊರಗ ಬಂದ ಮ್ಯಾಲ ನೋಡ್ತೀನಿ."